ಮಲಂಗಗಡದ ಮೇಲಿನ ಮೋಡ

ಡೊಂಬಿವಲಿಯ ಆ ಒಂದು ರೂಮು-ಕಿಚನ್ ಮನೆಯಲ್ಲಿ ರತ್ನಾವತಿ ಫೋಟೋ ತೊಳೆಯುತ್ತಾಳೆಂದರೆ ಅಂದು ಉಳಿದವರ ಸ್ನಾನಕ್ಕೆ ನೀರು ಕಡಿಮೆ ಎಂದೇ ಅರ್ಥ. ರಜೆಯ ಮಧ್ಯಾಹ್ನ ಬಚ್ಚಲಿನ ಕಿಟಕಿಗೆ ಕಂಬಳಿ ಕಟ್ಟಿ, ಕೆಂಪು ಬಲ್ಬು ಉರಿಸಿ, ಒಗೆಯುವ ಕಲ್ಲಿನ ಮೇಲೆ ಹಲಗೆ ಹಾಕಿ, ನೆಗೆಟಿವನ್ನು ದೊಡ್ಡದು ಮಾಡಿ ಕಾಗದಕ್ಕೆ ಇಳಿಸುವ ಹಳೆಯ ಎನ್‌ಲಾರ್ಜರ್ ನಿಲ್ಲಿಸುತ್ತಿದ್ದಳು. ಉಡುಪಿ ಕಡೆಯಿಂದ ಮದುವೆಯಾಗಿ ಬಂದವಳು, ಠಾಣೆ ನಗರದ ಕಾರ್ಖಾನೆಯೊಂದರ ಆಫೀಸಿನಲ್ಲಿ ಟೈಪಿಸ್ಟ್. ಕ್ಯಾಮೆರಾ ಹಡಗಿನಲ್ಲಿ ಕೆಲಸಕ್ಕಿದ್ದ ಅಣ್ಣ ಕೊಟ್ಟದ್ದು. ಗಂಡ ಶೇಖರ ಗೊಣಗುತ್ತಿದ್ದ. ಆದರೆ ನಳ್ಳಿಯಲ್ಲಿ ನೀರು ಬಂದೊಡನೆ ಮೊದಲು ಅವಳ ಟ್ರೇ ತುಂಬಿಸುತ್ತಿದ್ದವನೂ ಅವನೇ.

ಎಪ್ಪತ್ತೊಂಬತ್ತರ ಮಳೆಗಾಲ ಮುಗಿಯುತ್ತಿದ್ದಾಗ ಅವಳು ಠಾಣೆಯ ಫೋಟೋ ಬಳಗಕ್ಕೆ ಮೊದಲ ಸಲ ಹೋದಳು. ಭಾನುವಾರ ಶಾಲೆಯೊಂದರ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಸೇರಿ, ತಾವು ಮಾಡಿದ ಪ್ರಿಂಟುಗಳನ್ನು ಬೋರ್ಡಿಗೆ ಆನಿಸಿ ಮಾತಾಡುತ್ತಿದ್ದರು. ಎಲ್ಲರಿಗಿಂತ ಹಿರಿಯರು ಜಯಶೀಲ. ಸ್ಟೇಷನ್ ಹತ್ತಿರ ಸ್ಟುಡಿಯೋ ಇಟ್ಟುಕೊಂಡಿದ್ದ ಮಂಗಳೂರಿನವರು. ಅವರ ಬಾಯಿಗೆ ಎಲ್ಲರೂ ಹೆದರುತ್ತಿದ್ದರು.

ರತ್ನಾವತಿ ತಂದದ್ದು ಗದ್ದೆಗಳಾಚೆ ನಿಂತ ಮಲಂಗಗಡದ ಚಿತ್ರ. ಬೆಳಿಗ್ಗೆ ತೆಗೆದ ಗುಡ್ಡದ ಹಿಂದಿನ ಆಕಾಶ ಬೋಳಾಗಿತ್ತೆಂದು, ಬೇರೊಂದು ಸಂಜೆಯ ನೆಗೆಟಿವ್‌ನಿಂದ ಮೋಡ ತಂದು ಅದೇ ಕಾಗದದ ಮೇಲೆ ಜೋಡಿಸಿದ್ದಳು. ಜೋಡಣೆಯ ಗೆರೆ ಹುಡುಕಿದರೂ ಕಾಣದಷ್ಟು ನಾಜೂಕು.

ಜಯಶೀಲ ಕನ್ನಡಕ ಮೇಲೆತ್ತಿ ನೋಡಿದರು. "ಗುಡ್ಡಕ್ಕೆ ಬಿಸಿಲು ಎಡಗಡೆಯಿಂದ ಬಿದ್ದಿದೆ. ಮೋಡಕ್ಕೆ ಬಲಗಡೆಯಿಂದ. ಡೊಂಬಿವಲಿಯಲ್ಲಿ ಎರಡು ಸೂರ್ಯ ಉಂಟಾ ಮಾರಾಯ್ತಿ?"

ಕೋಣೆ ಗೊಳ್ಳೆಂದಿತು. ರತ್ನಾವತಿಯ ಕಿವಿ ಬಿಸಿಯಾಯಿತು. ಮನೆಗೆ ಮರಳುವ ರೈಲಿನಲ್ಲಿ ಪ್ರಿಂಟನ್ನು ಹರಿದು ಎಸೆಯಬೇಕೆನಿಸಿತು. ಆದರೆ ತೊಡೆಯ ಮೇಲಿಟ್ಟು ನೋಡುತ್ತ ಹೋದ ಹಾಗೆ ಆ ಎರಡನೆಯ ಸೂರ್ಯ ಅವಳ ಕಣ್ಣಿಗೂ ಕಂಡ. ಇನ್ನು ಬಿಡುವಂತಿರಲಿಲ್ಲ.

ಮುಂದಿನ ಮಳೆಗಾಲದ ಒಂದು ಭಾನುವಾರವನ್ನೂ ಅವಳು ತಪ್ಪಿಸಲಿಲ್ಲ. ಬೆಳಗಾಗುತ್ತಲೇ ಕೊಡೆ ಹಿಡಿದು ಗದ್ದೆಯ ಬದುವಿನಲ್ಲಿ ನಿಲ್ಲುವಳು. ಕೆಲವು ದಿನ ಗುಡ್ಡವೇ ಕಾಣದು. ಗುಡ್ಡ ಕಂಡ ದಿನ ಮೋಡ ಇರದು. ಒಮ್ಮೆ ಜಾರಿ ಬಿದ್ದಳು, ಕ್ಯಾಮೆರಾ ಮಾತ್ರ ತಲೆಯ ಮೇಲೆತ್ತಿ ಹಿಡಿದಿದ್ದಳು.

"ಆ ಜಯಶೀಲಣ್ಣನಿಗೆ ತೋರಿಸಲಿಕ್ಕೆ ಇಷ್ಟೆಲ್ಲ ಯಾಕೆ?" ಎಂದ ಶೇಖರ, ಅವಳ ಸೀರೆಯ ಕೆಸರು ನೋಡಿ.

"ಅವರಿಗೆ ಅಲ್ಲ. ನಂಗೆ ಆಗಬೇಕು."

ಕೊನೆಗೊಂದು ಮುಂಜಾನೆ ಗಡದ ತುದಿಗೆ ತಾಗಿಕೊಂಡೇ ಮೋಡ ನಿಂತಿತು. ಆ ಪ್ರಿಂಟು ನೋಡಿ ಜಯಶೀಲ ಅಂದರು: "ಮೋಡ ಸಿಕ್ಕಿತು ಅಂತ ಅದಕ್ಕೇ ಬೆಳಕು ಕೊಟ್ಟು ಕೊಟ್ಟು ಕಪ್ಪು ಮಾಡಿದ್ದೀರಿ. ಗುಡ್ಡಕ್ಕೆ ಉಸಿರು ಕಟ್ಟಿದೆ." ಫೋಟೋ ಕಾಗದಕ್ಕೆ ಬೆಳಕು ಹೆಚ್ಚು ಬಿದ್ದಷ್ಟೂ ಕಪ್ಪು. ಅವಳು ಮನೆಗೆ ಹೋಗಿ ಮತ್ತೆ ಮಾಡಿದಳು, ಆಕಾಶಕ್ಕೆ ಅಂಗೈ ಅಡ್ಡ ಹಿಡಿದು ಬೆಳಕು ತಗ್ಗಿಸಿ. ಈ ಸಲ ಅವರು, "ಇದನ್ನು ಬಳಗದ ಪ್ರದರ್ಶನಕ್ಕೆ ಇಡುವ" ಎಂದರು.

ಪ್ರದರ್ಶನಕ್ಕೆಂದು ಜಯಶೀಲರೂ ತಮ್ಮ ಪ್ರಿಂಟು ತಂದರು. ಒಳನುಗ್ಗಿದ ಕಡಲ ಖಾಡಿಯ ನೀರಿನಾಚೆ ಪಾರಸಿಕ್ ಗುಡ್ಡ, ಆನೆ ಮಲಗಿದ ಹಾಗೆ. ಎಲ್ಲರೂ ತಲೆದೂಗಿದರು. ರತ್ನಾವತಿ ಮಾತ್ರ ಬೋರ್ಡಿನ ಹತ್ತಿರ ಹೋದಳು. ಕಳವಾ ಸ್ಟೇಷನ್ ದಾಟುವಾಗ ಅವಳು ದಿನಾ ರೈಲಿನಿಂದ ನೋಡುತ್ತಿದ್ದ ಗುಡ್ಡ ಅದು.

"ಅಣ್ಣಾ, ಇಲ್ಲಿ ಕಲ್ಲಿನ ಕ್ವಾರಿ ಉಂಟಲ್ವಾ? ಇದರಲ್ಲಿ ಇಲ್ಲ."

"ಉಂಟು. ಬಿಳಿ ಕಲೆ ಕಣ್ಣಿಗೆ ಹೊಡೀತದೆ. ಅದಕ್ಕೇ ಕಪ್ಪು ಮಾಡಿ ಮುಚ್ಚಿದ್ದು."

"ನಾನು ಇಲ್ಲದ ಮೋಡ ತಂದದ್ದು ತಪ್ಪಾದ್ರೆ, ನೀವು ಇದ್ದ ಗಾಯ ಮುಚ್ಚಿದ್ದು ಸರಿಯಾ?"

ಯಾರೂ ನಗಲಿಲ್ಲ. ಜಯಶೀಲ ಪ್ರಿಂಟನ್ನು ಸುತ್ತಿಕೊಂಡು ಹೊರಟುಹೋದರು. ಮುಂದಿನ ಭಾನುವಾರ ಬರಲಿಲ್ಲ, ಅದರಾಚೆಯದೂ ಇಲ್ಲ. ಬಳಗದವರು ಕ್ಷಮೆ ಕೇಳಿ ಬಾ ಎಂದರು. ಆಫೀಸು ಬಿಟ್ಟ ಮೇಲೆ ಅವಳು ನೇರ ಸ್ಟುಡಿಯೋಗೆ ನಡೆದಳು.

"ಹೇಳಿದ್ದು ತಪ್ಪು ಅಂತ ಹೇಳಲಿಕ್ಕೆ ಬಂದದ್ದಲ್ಲ ಅಣ್ಣಾ," ಎಂದಳು ಬಾಗಿಲಲ್ಲೇ. "ತಪ್ಪು ತೋರಿಸಿದೆ, ಏನು ಮಾಡಬಹುದು ಅಂತ ಹೇಳಲಿಲ್ಲ. ಅದಕ್ಕೆ ಬಂದೆ."

ಜಯಶೀಲ ಒಳಗಿನ ಕತ್ತಲೆ ಕೋಣೆಯ ಬಾಗಿಲು ತೆರೆದರು. "ಹಾಗಾದ್ರೆ ನೆಗೆಟಿವ್ ಇಲ್ಲಿ ಉಂಟು. ಮಾಡಿ ತೋರಿಸಿ."

ಅವಳು ಮಾಡಿದಳು. ಕ್ವಾರಿಯ ಮೇಲೆ ಹೆಚ್ಚಿನ ಬೆಳಕು ಬಿಡಲೇ ಇಲ್ಲ. ಕಾಗದ ಫೋಟೋ ತೊಳೆಯುವ ಔಷಧದಲ್ಲಿ ಮೂಡಿದಾಗ ಗುಡ್ಡದ ನಡುವೆ ಸುಣ್ಣ ಬಳಿದಂತೆ ಬರೀ ಬಿಳುಪು; ಕಲ್ಲೂ ಇಲ್ಲ, ಗುಡ್ಡವೂ ಇಲ್ಲ.

"ನೋಡಿ," ಎಂದರು ಜಯಶೀಲ. ದನಿಯಲ್ಲಿ ಗೆದ್ದ ಹೆಮ್ಮೆಯಿತ್ತು.

"ಹೌದು, ಕೆಟ್ಟಿದೆ," ಎಂದಳು ರತ್ನಾವತಿ. "ಇನ್ನೊಂದು ಕಾಗದ ಕೊಡಿ."

ಎರಡನೆಯದಕ್ಕೆ ಅವರೇ ಪಕ್ಕದಲ್ಲಿ ನಿಂತು, ಎರಡೂ ಕೈ ಸೇರಿಸಿ ಸಣ್ಣ ಸಂದು ಮಾಡಿ, ಕ್ವಾರಿಯ ಮೇಲಷ್ಟೇ ಒಂದಿಷ್ಟು ಬೆಳಕು ಇಳಿಸಿದರು. "ಸಾಕು, ಸಾಕು," ಎಂದು ಅವಳು. "ಇನ್ನು ಒಂದು ಚೂರು," ಎಂದು ಅವರು. ಮೂಡಿ ಬಂದ ಗುಡ್ಡದಲ್ಲಿ ಕಲ್ಲು ಕಡಿದ ಮೆಟ್ಟಿಲುಗಳು ಕಂಡವು. ಮೆಟ್ಟಿಲಿನ ಮೇಲೆ ಸುತ್ತಿಗೆ ಎತ್ತಿದ್ದ ಮನುಷ್ಯನೊಬ್ಬನೂ ಚುಕ್ಕೆಯಂತೆ ಕಂಡ. ಅವನು ಅಲ್ಲಿದ್ದನೆಂದು ಜಯಶೀಲರಿಗೇ ಗೊತ್ತಿರಲಿಲ್ಲ. ಅವರು ಒದ್ದೆ ಕಾಗದವನ್ನು ಬೆಳಕಿಗೆ ತಂದು, ಬಾಗಿ, ಅವನನ್ನೇ ನೋಡಿದರು.

ಪ್ರದರ್ಶನದಲ್ಲಿ ಎರಡು ಗುಡ್ಡಗಳೂ ಒಂದೇ ಗೋಡೆಯಲ್ಲಿದ್ದವು. ಬಹುಮಾನ ಯಾವುದೋ ಹಕ್ಕಿಯ ಚಿತ್ರಕ್ಕೆ ಹೋಯಿತು.

ಎಂಬತ್ತೈದರ ಹೊತ್ತಿಗೆ ಜಯಶೀಲರ ಕಣ್ಣಿಗೆ ಪೊರೆ ಬಂದಿತು; ಅವರು ಭಾನುವಾರದ ಕೋಣೆಯನ್ನು ರತ್ನಾವತಿಗೆ ಒಪ್ಪಿಸಿದರು. ಅವಳ ಬಾಯಿಯೂ ಮೃದುವೇನಲ್ಲ. ಆದರೆ ಪ್ರತಿ ವಾರವೂ ತನ್ನದೊಂದು ಪ್ರಿಂಟನ್ನೇ ಮೊದಲು ಬೋರ್ಡಿಗೆ ಆನಿಸಿ, ಕುರ್ಚಿ ಎಳೆದು ಎಲ್ಲರ ನಡುವೆ ಕೂತು, "ಹೇಳಿ, ಎಲ್ಲಿ ಕೆಟ್ಟಿದೆ?" ಎಂದು ಕೇಳುತ್ತಿದ್ದಳು. ಯಾರಾದರೂ ಹೇಳುವವರೆಗೆ ಬೇರೆಯವರ ಪ್ರಿಂಟು ಮುಟ್ಟುತ್ತಿರಲಿಲ್ಲ.