ಕೋಸಿನೆಲೆಯಲ್ಲಿ ಖೀಮಾ

ಇಪ್ಪತ್ತೆರಡು ವರ್ಷ ಖಾನಾವಳಿ ನಡೆಸಿದವಳು ನಾನು. ಕುರಿಯಲ್ಲಿ ನನ್ನ ಕೈಗೆ ಸಿಕ್ಕು ಬೇಯದ ಭಾಗವಿಲ್ಲ. ತಲೆ, ಕಾಲು, ಬೋಟಿ, ಗುಂಡಿಗೆ ಎಲ್ಲವನ್ನೂ ಬೇಯಿಸಿದ್ದೇನೆ, ಎಲ್ಲವನ್ನೂ ಬಡಿಸಿದ್ದೇನೆ. ಒಂದು ಅಡಿಗೆಯನ್ನು ಮಾತ್ರ ಒಂದೇ ದಿನ ಬಡಿಸಿ ನಿಲ್ಲಿಸಿಬಿಟ್ಟೆ. ಅಡಿಗೆ ಚೆನ್ನಾಗಿಯೇ ಇತ್ತು. ನನ್ನ ಬಾಯಿ ಕೆಟ್ಟಿತು.

ಬರೆಯುವ ಮೊದಲು ಇನ್ನೊಂದು ಹೇಳಿಬಿಡುತ್ತೇನೆ. ನನಗೆ ಅಕ್ಷರ ಬಂದದ್ದು ತಲೆ ನರೆತ ಮೇಲೆ. ಸಂಜೆ ಹೊತ್ತು ನಮ್ಮ ಓಣಿಗೆ ಒಬ್ಬ ಟೀಚರಮ್ಮ ಬಂದು ಹೆಂಗಸರಿಗೆ ಅಕ್ಷರ ತಿದ್ದಿಸುತ್ತಿದ್ದಳು. ಒತ್ತಕ್ಷರಗಳು ಇವತ್ತಿಗೂ ನನ್ನ ಕಾಲಿಗೆ ತೊಡರುತ್ತವೆ. ನಾನು ಮೊದಲು ಕೂಡಿಸಿ ಓದಿದ ಮಾತು ನನ್ನದೇ ಹೆಸರು. ಪಾತ್ರೆ ಅಂಗಡಿಯವನು ನನ್ನ ಸ್ಟೀಲ್ ಬೋಗುಣಿಯ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೆತ್ತಿ ಕೊಟ್ಟಿದ್ದ, ದುರುಗಮ್ಮ ಅಂತ. ಹತ್ತು ವರ್ಷ ಆ ಬೋಗುಣಿ ತಿಕ್ಕಿದ್ದೆ. ಅದು ಬೇರೆ ಯಾರದೋ ಹೆಸರಾಗಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಈ ಕತೆಯಲ್ಲಿ ಆ ಬೋಗುಣಿ ನನಗಿಂತ ಮರ್ಯಾದೆಯಿಂದ ನಡೆದುಕೊಂಡಿದೆ.

ಹಗರಿಬೊಮ್ಮನಹಳ್ಳಿಯ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಖಾನಾವಳಿ. ಮುಂದೆ ಊಟದ ಪಡಸಾಲೆ, ಹಿಂದೆ ಅಡಿಗೆಮನೆ, ಪಕ್ಕಕ್ಕೆ ಒಂದು ಕೋಣೆ. ಆ ಕೋಣೆಗೆ ದೀಪಾವಳಿ ಮುಗಿದ ಮೇಲೆ ಡೋಲ್ಮಾ ಬರುತ್ತಿದ್ದಳು. ಮುಂಡಗೋಡ ಕಡೆಯ ಟಿಬೆಟ್ಟಿನವಳು. ಬಸ್ ಸ್ಟ್ಯಾಂಡಿನ ಗೋಡೆಗೆ ಹಗ್ಗ ಕಟ್ಟಿ ಸ್ವೆಟರು, ಮಂಕಿ ಟೋಪಿ, ಶಾಲು ಮಾರುವುದು ಅವಳ ಕೆಲಸ. ಸಂಕ್ರಾಂತಿ ಕಳೆದು ಬಿಸಿಲು ಏರಿದರೆ ಗಂಟು ಕಟ್ಟಿಕೊಂಡು ಹೊರಡುವಳು. ನಮ್ಮ ಊರಿನ ಚಳಿಗೆ ಯಾರು ಸ್ವೆಟರು ಕೊಳ್ಳುತ್ತಾರೆ ಎಂದು ಮೊದಲ ವರ್ಷ ನಾನು ನಕ್ಕಿದ್ದೆ. ಎರಡನೆಯ ವರ್ಷ ನಾನೇ ಒಂದು ಕೊಂಡೆ. ನೀಲಿಯದು, ಇನ್ನೂ ಇದೆ.

ಮೊದಲ ವಾರವೇ ಅವಳಿಗೆ ಬೋಗುಣಿ ತುಂಬ ಸಾರು ಕೊಟ್ಟಿದ್ದೆ. ಮರುದಿನ ಬೆಳ್ಳಗೆ ತೊಳೆದು ಖಾಲಿ ತಂದಳು. ನಾನು ಯಾರಿಗೂ ಮುಖ ನೋಡಿ ಮಾತಾಡಿದವಳಲ್ಲ.

“ಏನವ್ವಾ, ನಿಮ್ಮ ಕಡಿ ಬೋಗುಣಿ ಖಾಲಿ ಕೊಡ್ತಾರೇನು? ನಮ್ಮಾಗ ಹಂಗ ಕೊಟ್ರ ಇನ್ನ ನಿನ್ನ ಸಂಗಾಟ ಸಾಕು ಅಂದಂಗ. ಒಂದು ಚಿಟಿಕಿ ಸಕ್ಕರಿನಾದ್ರೂ ಹಾಕಬೇಕು.”

“ನನ್ನ ಕಡಿ ಸಕ್ಕರಿ ಇಲ್ರಿ ಅಕ್ಕಾ,” ಅಂದಳು. ಅವಳ ಕನ್ನಡ ಧಾರವಾಡದ ಕಡೆಯದು, ನನ್ನದಕ್ಕಿಂತ ಮೆತ್ತಗೆ.

“ಇದ್ದದ್ದು ಹಾಕು.”

ಅಂದಿನಿಂದ ಅವಳು ಇದ್ದದ್ದು ಹಾಕಿದಳು. ಒಮ್ಮೆ ಎರಡು ಪೆಪ್ಪರಮೆಂಟು. ಒಮ್ಮೆ ಉಲ್ಲನ್ ದಾರದ ಉಂಡೆ. ಒಮ್ಮೆ ಸ್ವೆಟರಿನ ಮೂರು ಗುಂಡಿ. ಗುಂಡಿಯನ್ನು ಕಂಡು ನಾನು ಅಡಿಗೆಮನೆಯಲ್ಲಿ ಒಬ್ಬಳೇ ನಕ್ಕೆ. ಹೀಗೆ ಮೂರು ಚಳಿಗಾಲ ಆ ಬೋಗುಣಿ ನಮ್ಮಿಬ್ಬರ ಬಾಗಿಲ ನಡುವೆ ಓಡಾಡಿತು. ಎಂದೂ ಖಾಲಿ ಓಡಾಡಲಿಲ್ಲ.

ನಾಲ್ಕನೆಯ ಚಳಿಗಾಲದಲ್ಲಿ ಅವಳು ಬೋಗುಣಿಗೆ ಹಾಕಿ ತಂದದ್ದು ಖೀಮಾ. ಮೇಲೆ ಎಲೆಕೋಸಿನ ನಾಲ್ಕು ಹಸಿ ಎಲೆ. ನಾನು ಎಲೆಯನ್ನು ಮುಚ್ಚಳ ಎಂದು ತಿಳಿದೆ. ತೆಗೆದು ಪಕ್ಕಕ್ಕಿಟ್ಟು ಖೀಮಾಕ್ಕೆ ರೊಟ್ಟಿ ಮುರಿದೆ.

“ಅಯ್ಯೋ ಅಕ್ಕಾ, ರೊಟ್ಟಿ ಅಲ್ರಿ, ಎಲಿ! ಎಲ್ಯಾಗ ಸುತ್ತಿ ತಿನ್ರಿ.”

ಎಲೆಯ ವಿಷಯದಲ್ಲಿ ನಾನು ದಡ್ಡಿಯಲ್ಲ. ಮುತ್ತುಗದೆಲೆ ಉಣ್ಣಲಿಕ್ಕೆ, ಎಕ್ಕದೆಲೆ ಮೊಣಕಾಲು ನೋವಿಗೆ, ಬೇವಿನೆಲೆ ಅಮ್ಮ ಬಂದವರ ಹಾಸಿಗೆಗೆ, ಬಾಳೆಲೆ ಇದ್ದವರ ಮದುವೆಗೆ. ಹೊಲದಲ್ಲಿ ತಾನೇ ಹುಟ್ಟುವ ಹಕ್ಕರಕಿ ಸೊಪ್ಪನ್ನು ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುತ್ತೇವೆ. ಆದರೆ ಖಂಡದ ದಿನ ಸೊಪ್ಪಿನ ಕಡೆ ಯಾರು ನೋಡುತ್ತಾರೆ? ಸೊಪ್ಪಿರುವುದು ಖಂಡ ಇಲ್ಲದ ದಿನಕ್ಕೆ, ಖಂಡ ಇರುವ ದಿನ ಅದು ಬಂದರೆ ಖಂಡಕ್ಕೇ ಅವಮಾನ. ನಮ್ಮ ಲೆಕ್ಕ ಹೀಗೆ. ಆದರೂ ಸುತ್ತಿದೆ, ಕಚ್ಚಿದೆ. ರಸ ಮೊಣಕೈವರೆಗೆ ಸೋರಿತು. ಎಲೆ ಕಟುಂ ಅಂದಿತು, ಒಳಗೆ ಬಿಸಿ ಖಾರ, ಹೊರಗೆ ತಣ್ಣಗೆ ನೀರಿನಂಥ ರುಚಿ. ನಾಲ್ಕೂ ಎಲೆ ಮುಗಿಸಿ ಬೆರಳು ನೆಕ್ಕಿದೆ.

ಅವಳ ಅಕ್ಕ ಹುಬ್ಬಳ್ಳಿಯಲ್ಲಿ ಚೀನಾ ಕಡೆಯ ಊಟದ ಹೋಟೆಲಿನಲ್ಲಿ ಅಡಿಗೆಗಿದ್ದಳಂತೆ. ಅವಳಿಂದ ಕಲಿತದ್ದು. ಕ್ರಮ ಇಷ್ಟೆ. ಎಲುಬಿಲ್ಲದ ಖಂಡವನ್ನು ಹುಣಸೆ ಕೊರಡಿನ ಮೇಲಿಟ್ಟು ಎರಡು ಕೈಯಲ್ಲಿ ಎರಡು ಕತ್ತಿ ಹಿಡಿದು ಕೊಚ್ಚಬೇಕು, ಇರುವೆ ಹೊತ್ತುಕೊಂಡು ಹೋಗುವಷ್ಟು ಸಣ್ಣಗೆ. ಎಣ್ಣೆ ಚೆನ್ನಾಗಿ ಕಾಯಬೇಕು. ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ, ಆಮೇಲೆ ಖೀಮಾ. ಅರಿಶಿಣವಿಲ್ಲ, ಕೊಬ್ಬರಿಯಿಲ್ಲ, ಮಸಾಲೆಯಿಲ್ಲ. ಇಳಿಸುವಾಗ ಉಳ್ಳಾಗಡ್ಡಿ ತಪ್ಪಲು, ನಿಂಬೆಹುಳಿ, ಮತ್ತೆ ಸೋಯಾ ಅನ್ನುವ ಕಪ್ಪು ಉಪ್ಪುನೀರು ಎರಡು ಚಮಚ. ಆ ಬಾಟಲಿಯನ್ನು ಅವಳು ಸ್ವೆಟರಿನ ಗಂಟಿನಲ್ಲಿ ಕೂಸಿನ ಹಾಗೆ ಸುತ್ತಿ ತಂದಿದ್ದಳು. ಹುರಿದ ಶೇಂಗಾ ಜಜ್ಜಿ ಉದುರಿಸಿದ್ದು ನನ್ನ ಬುದ್ಧಿ. ಅದಕ್ಕೆ ಅವಳು ಭೇಷ್ ಅಂದಳು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ನನಗೆ ಮೆರೆಯುವ ಚಟ. ಸಂತೆಯ ದಿನ ಇದನ್ನೇ ಖಾನಾವಳಿಯಲ್ಲಿ ಬಡಿಸೋಣ ಅಂದೆ.

“ಮಂದಿ ತಿಂತಾರೇನ್ರಿ ಅಕ್ಕಾ?” ಎಂದು ಡೋಲ್ಮಾ ಅನುಮಾನಪಟ್ಟಳು.

“ನಾ ಬಡಿಸಿದ್ರ ಕಲ್ಲೂ ತಿಂತಾರ. ಡೋಲ್ಮಾ ಮಾಡ್ಯಾಳ ಅಂತ ನಾನ ಹೇಳ್ತೀನಿ, ನೋಡಾಕಂತಿ.”

ಸಂತೆಯ ದಿನವೆಂದರೆ ಅವಳ ಸ್ವೆಟರಿಗೂ ಒಳ್ಳೆಯ ದಿನ. ಅವಳು ಹಗ್ಗ ಕಟ್ಟಲಿಲ್ಲ. ಬೆಳಗಿನಿಂದ ನನ್ನ ಅಡಿಗೆಮನೆಯಲ್ಲಿ ಕೂತು ಕೋಸಿನ ಬುಡ ಕೊಯ್ದು, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಒಂದೊಂದೇ ಎಲೆಯನ್ನು ಹರಿಯದಂತೆ ಬಿಡಿಸಿದಳು. ಒಳಗಿನ ಎಲೆ ಬೋಗುಣಿಯ ಹಾಗೆ ಬಗ್ಗಿರುತ್ತದೆ, ಅದೇ ಬೇಕು. ಹರಿದದ್ದನ್ನು ಬೇರೆ ಇಟ್ಟಳು. ಬಿಡಿಸಿದ ಎಲೆಯನ್ನು ಮತ್ತೆ ತಣ್ಣೀರಿಗೆ ಹಾಕಿದಳು. ನಾನು ಸೊಸೆಯಾಗಿ ಹೋದ ಮನೆಯಲ್ಲಿಯೂ ಅಷ್ಟು ಮನಸ್ಸಿಟ್ಟು ಕೆಲಸ ಮಾಡಿದ್ದಿಲ್ಲ. ದಿನದ ಹಳೆಯ ಬಟ್ಟೆಯ ಬದಲು ಡೋಲ್ಮಾ ಅವತ್ತು ಒಗೆದ ಲಂಗದ ಉಡುಪು ಉಟ್ಟು, ಅದರ ಮೇಲೆ ಸೊಂಟದ ಮುಂದೆ ಪಟ್ಟೆ ಪಟ್ಟೆಯ ಬಟ್ಟೆ ಕಟ್ಟಿದ್ದಳು. ಅದು ಅವರಲ್ಲಿ ಒಳ್ಳೆಯ ದಿನಕ್ಕೆ ಉಡುವುದಂತೆ.

ಮಧ್ಯಾಹ್ನ ಪಡಸಾಲೆ ತುಂಬಿತು. ಕೂಡ್ಲಿಗಿ ಕಡೆಯವರು, ಹಡಗಲಿ ಕಡೆಯವರು, ಎತ್ತು ಮಾರಲು ಬಂದವರು. ತಟ್ಟೆಗೆ ರೊಟ್ಟಿ, ಸಾರು, ಪಕ್ಕದಲ್ಲಿ ಎಲೆಯ ಮೇಲೆ ಖೀಮಾ. ನಾನು ನಡುವೆ ನಿಂತು ನೋಡಿದೆ. ಒಬ್ಬ ಖೀಮಾವನ್ನು ರೊಟ್ಟಿಗೆ ಬಳಿದು ತಿಂದು ಎಲೆಯನ್ನು ಕರಿಬೇವಿನ ಹಾಗೆ ಅಂಚಿಗೆ ಸರಿಸಿದ. ಇನ್ನೊಬ್ಬ ಎಲೆಯಿಂದ ಬೆರಳು ಒರೆಸಿಕೊಂಡ. ಹೇಗೆ ತಿನ್ನಬೇಕೆಂದು ನಾನು ಹೇಳಿಕೊಟ್ಟೆನೇ? ಇಲ್ಲ. ತಿಂದು ತೋರಿಸಬೇಕಿತ್ತು. ಹಿಂದಿನ ವಾರ ನನಗೇ ಹೇಳಿಕೊಡಬೇಕಾಗಿತ್ತು ಎನ್ನುವುದನ್ನು ಮರೆತಿದ್ದೆ.

ಅಷ್ಟರಲ್ಲಿ ಶೇಂಗಾ ವ್ಯಾಪಾರದ ಹನುಮಂತಪ್ಪ ಎಲೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಅವನು ನನ್ನ ಹಳೆಯ ಗಿರಾಕಿ, ನಾಲಿಗೆ ನನ್ನಷ್ಟೇ ಉದ್ದ.

“ದುರುಗಕ್ಕಾ, ಮೊದ್ಲ ಹೇಳಿದ್ರ ನಮ್ಮನಿ ಆಡ ಹೊಡಕಂಡ್ ಬರ್ತಿದ್ನೆಲ್ಲವಾ! ಪಾಪ, ಅವು ಸಂತಿ ಊಟ ಉಂಡಿಲ್ಲ!”

ಪಡಸಾಲೆಗೆ ಪಡಸಾಲೆಯೇ ನಕ್ಕಿತು. “ಲೇ, ನೀನ ತಿನ್ನಲೇ, ಗಡ್ಡಾನೂ ಐತಿ!” ಎಂದು ಅವನ ಪಕ್ಕದವನು ಕೂಗಿದ. ಮತ್ತೆ ನಗೆ.

ನಾನು ಯಾರ ಬಾಯಿಗೂ ಸೋತವಳಲ್ಲ. ಪೊಲೀಸಿನವರಿಗೆ ಎದುರುತ್ತರ ಕೊಟ್ಟಿದ್ದೇನೆ. ಅವತ್ತು ಮಾತ್ರ ಖಾನಾವಳಿಯ ಹೆಸರು ಹೋಯಿತು ಎಂದು ಹೆದರಿದೆ. ಹೆದರಿದವಳು ಏನು ಮಾಡುತ್ತಾಳೆ? ಕೈ ತೊಳೆದುಕೊಳ್ಳುತ್ತಾಳೆ.

“ನನ್ನ ಕೈ ಅಡಿಗಿ ಅಲ್ಲಪಾ ಅದು. ಆ ಸ್ವೆಟರ್‌ನಾಕಿ ಮಾಡ್ಯಾಳ. ಅವರು ಎಂಥದಾರ ತಿಂತಾರ! ಬ್ಯಾಡಾದ್ರ ಬಿಡ್ರಿ, ಬೋಟಿ ಐತಿ, ತರ್ತೀನಿ.”

ಹೇಳಿ ತಿರುಗಿದೆ. ಅಡಿಗೆಮನೆಯ ಬಾಗಿಲಲ್ಲಿ ಡೋಲ್ಮಾ ನಿಂತಿದ್ದಳು. ಕೈಯಲ್ಲಿ ಮೊರದ ತುಂಬ ಎಲೆ, ನೀರು ತೊಟ್ಟಿಕ್ಕುತ್ತಿತ್ತು. ಅವಳ ಹೆಸರನ್ನು ಹೇಳುತ್ತೇನೆ ಅಂದಿದ್ದೆ. ಹೆಸರನ್ನೂ ಹೇಳಲಿಲ್ಲ, ಸ್ವೆಟರ್‌ನಾಕಿ ಅಂದೆ. ಅವಳು ಮೊರವನ್ನು ಕೆಳಗಿಟ್ಟಳು. ಆ ಪಟ್ಟೆಯ ಬಟ್ಟೆಗೆ ಕೈ ಒರೆಸಿಕೊಂಡಳು. ಕೋಣೆಗೆ ಹೋದಳು. ಸ್ವಲ್ಪ ಹೊತ್ತಿಗೆ ಬಸ್ ಸ್ಟ್ಯಾಂಡಿನ ಗೋಡೆಗೆ ಹಗ್ಗ ಕಟ್ಟುತ್ತಿದ್ದದ್ದು ಕಂಡಿತು. ಉಳಿದ ಎಲೆಯನ್ನು ಸಂಜೆ ಎದುರು ಮನೆಯ ಆಡಿಗೆ ಹಾಕಿದೆ. ಅದು ಬಹಳ ಖುಷಿಯಿಂದ ತಿಂದಿತು. ಆ ಅಡಿಗೆಗೆ ಅವತ್ತು ಮರ್ಯಾದೆ ಕೊಟ್ಟದ್ದು ಆ ಆಡೊಂದೇ.

ಇನ್ನು ಹದಿನೈದು ದಿನ ಇರಬೇಕಾದವಳು ನಾಲ್ಕನೆಯ ದಿನ ಗಂಟು ಕಟ್ಟಿದಳು. ಸಂತೆಯ ಹಿಂದಿನ ದಿನ ಸಾರು ಹಾಕಿ ಕೊಟ್ಟಿದ್ದ ಬೋಗುಣಿಯನ್ನು ತಂದು ಕಟ್ಟೆಯ ಮೇಲಿಟ್ಟಳು.

“ಅಕ್ಕಾ, ನಿಮ್ಮ ಬೋಗುಣಿ.”

ನಾನು ಬಗ್ಗಿ ನೋಡಿದೆ. ತೊಳೆದು ಒರೆಸಿ ಹೊಳೆಯುತ್ತಿತ್ತು. ಒಳಗೆ ಏನೂ ಇರಲಿಲ್ಲ. ನಾನು ನೋಡಿದ್ದನ್ನು ಅವಳೂ ನೋಡಿದಳು. ಖಾಲಿ ಕೊಟ್ಟರೆ ಏನರ್ಥ ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ ತಾನೆ.

“ಇಟ್ಕೋ, ಮುಂದಿನ ವರ್ಷ ಕೊಡಾಕಂತಿ,” ಅಂದೆ.

“ಬ್ಯಾಡ್ರಿ. ನಿಮ್ಮದು ನಿಮ್ಮ ಕಡಿ ಇರ್ಲಿ.”

ತಪ್ಪಾಯಿತು ಎನ್ನುವ ಮಾತು ಗಂಟಲವರೆಗೆ ಬಂತು. ಆದರೆ ನನ್ನ ಬಾಯಿಗೆ ಆ ಮಾತಿನ ರೂಢಿಯಿಲ್ಲ. ಹೊರಗೆ ಬಂದದ್ದು, “ಬಸ್ಸು ಎಷ್ಟೊತ್ತಿಗೈತಿ?” ಅಂತ. ಅವಳು ಹೊತ್ತು ಹೇಳಿದಳು. ಹೋದಳು. ಮುಂದಿನ ಚಳಿಗಾಲ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಆಗ ಫೋನೆಂದರೆ ಹಳದಿ ಬೋರ್ಡಿನ ಬೂತು; ಬೂತಿಗೆ ಹೋದರೂ ಯಾವ ನಂಬರು ಒತ್ತುವುದು? ಆ ಕೋಣೆಯಲ್ಲಿ ಜೋಳದ ಚೀಲ ಇಟ್ಟೆ.

ಖಾನಾವಳಿ ಮುಚ್ಚಿ ಈಗ ಮೂರು ವರ್ಷ. ಒಮ್ಮೆ ದಾವಣಗೆರೆಯಲ್ಲಿರುವ ತಮ್ಮನ ಮಗಳ ಮನೆಗೆ ಹೋಗಿದ್ದೆ. ಅವಳು ತರಕಾರಿ ಅಂಗಡಿಯಲ್ಲಿ ಒಂದು ಕಾಯಿಪಲ್ಲೆ ಎತ್ತಿ ತೋರಿಸಿದಳು. ನೋಡಲಿಕ್ಕೆ ಕೋಸಿನ ಹಾಗೆಯೇ, ಆದರೆ ಎಲೆ ಮುಚ್ಚಿಕೊಳ್ಳದೆ ಬಾಯಿ ಬಿಟ್ಟುಕೊಂಡು ಕೂತಿತ್ತು, ನನ್ನ ಹಾಗೆ.

“ಅತ್ತಿ, ಇದು ಲೆಟಸ್. ದೊಡ್ಡ ಹೋಟೆಲ್‌ನಾಗ ಇದ್ರಾಗ ಖೀಮಾ ಸುತ್ತಿ ಕೊಡ್ತಾರ. ನಿನಗ ಸೇರಲ್ಲ ಬಿಡು.”

“ನಿನಗಿಂತ ಮೊದ್ಲ ತಿಂದೀನಿ,” ಅಂದೆ. ಅವಳು ನಂಬಲಿಲ್ಲ. ನಂಬಿಸಲು ಹೋದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ಅವತ್ತು ಅವಳ ಮನೆಯಲ್ಲಿ ಊಟ ಮುಗಿಸಿ ಎಲೆ ಅಡಿಕೆಗೆ ಕೂತೆ. ವೀಳ್ಯದೆಲೆಗೆ ಸುಣ್ಣ ಸವರಿದೆ, ಅಡಿಕೆ ಇಟ್ಟೆ, ಮಡಚಿದೆ, ಬಾಯಿಗೆ ಹಾಕಿಕೊಳ್ಳಬೇಕು, ಕೈ ಅಲ್ಲೇ ನಿಂತಿತು. ಹಸಿ ಎಲೆ. ಒಳಗೆ ಏನೋ ಇಟ್ಟು ಸುತ್ತಿದ್ದು. ಇದನ್ನು ನಾನು ಹುಟ್ಟಿದಾಗಿನಿಂದ ತಿನ್ನುತ್ತಿದ್ದೇನಲ್ಲ! ಹನುಮಂತಪ್ಪ ಅವತ್ತು ನಕ್ಕು ಮುಗಿಸಿ, ಬೋಟಿ ಉಂಡು, ನನ್ನ ಖಾನಾವಳಿಯ ಕಟ್ಟೆಯ ಮೇಲೆಯೇ ಕೂತು ಎಲೆ ಮಡಚಿ ಬಾಯಿಗೆ ತುರುಕಿದ್ದ. ನಕ್ಕವರೆಲ್ಲರೂ ತುರುಕಿದ್ದರು. “ಊಟ ಆದ್ಮ್ಯಾಲ ದಿನಾ ಎಲಿ ಮೇಯ್ತಿರೆಲ್ಲಾ, ಅವಾಗ ಆಡಿನ ನೆನಪಾಗಲ್ಲೇನು?” ಅಂದಿದ್ದರೆ ಸಾಕಿತ್ತು. ನಗೆ ಅವನ ಮೇಲೆ ತಿರುಗುತ್ತಿತ್ತು, ನಾಲ್ಕು ಜನ ಸುತ್ತಿ ತಿನ್ನುತ್ತಿದ್ದರು, ಡೋಲ್ಮಾ ಮೊರವನ್ನು ಕೆಳಗಿಡುತ್ತಿರಲಿಲ್ಲ. ಅಂಥ ಮಾತು ನನಗೆ ಹೊಳೆದದ್ದು ಎಂಟು ವರ್ಷ ತಡವಾಗಿ, ತಮ್ಮನ ಮಗಳ ಪಡಸಾಲೆಯಲ್ಲಿ. ಬೈಗುಳ ಮಾತ್ರ ನನಗೆ ಯಾವಾಗಲೂ ಸರಿಯಾದ ಹೊತ್ತಿಗೆ ಸಿಗುತ್ತದೆ.

ಈಗ ಚಳಿಗಾಲಕ್ಕೊಮ್ಮೆ ಮನೆಯಲ್ಲಿ ಒಬ್ಬಳೇ ಮಾಡಿಕೊಳ್ಳುತ್ತೇನೆ. ಕೈಯಲ್ಲಿ ಶಕ್ತಿಯಿಲ್ಲ, ಒಂದೇ ಕತ್ತಿಯಲ್ಲಿ ಕೊಚ್ಚುತ್ತೇನೆ. ಸೋಯಾ ಈಗ ನಮ್ಮ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ, ಗಂಟಿನಲ್ಲಿ ಸುತ್ತಿ ತರಬೇಕಾಗಿಲ್ಲ. ಕೋಸಿನೆಲೆ ಬಿಡಿಸುವಾಗ ಅರ್ಧ ಹರಿಯುತ್ತವೆ. ಡೋಲ್ಮಾ ಹೇಗೆ ಒಂದೂ ಹರಿಯದಂತೆ ಬಿಡಿಸುತ್ತಿದ್ದಳೋ! ನಾನು ಪಕ್ಕದಲ್ಲೇ ಇದ್ದೆ, ಸರಿಯಾಗಿ ನೋಡಿಕೊಳ್ಳಲಿಲ್ಲ.

ಹೋದ ಚಳಿಗಾಲ ಬಸ್ ಸ್ಟ್ಯಾಂಡಿನ ಗೋಡೆಗೆ ಮತ್ತೆ ಹಗ್ಗ ಬಿತ್ತು. ಬೇರೆ ಹೆಂಗಸು, ಚಿಕ್ಕ ವಯಸ್ಸು. ಕೇಳಿದೆ. ಡೋಲ್ಮಾ ತಮ್ಮ ಮುಂಡಗೋಡದ ಕ್ಯಾಂಪಿನವಳೇ ಅಂದಳು. ಡೋಲ್ಮಾಗೆ ಈಗ ಮೊಣಕಾಲು ನೋವು, ವ್ಯಾಪಾರಕ್ಕೆ ಎಲ್ಲೂ ಹೋಗುವುದಿಲ್ಲವಂತೆ. ಆ ಹುಡುಗಿ ಊರಿಗೆ ಹೊರಡುವ ದಿನ ಬೋಗುಣಿ ತೆಗೆದುಕೊಂಡು ಹೋದೆ. ಖೀಮಾ ಹಾಕಿದರೆ ದಾರಿಯಲ್ಲಿ ಹಳಸುತ್ತದೆ. ಒದ್ದೆ ಬಟ್ಟೆಯಲ್ಲಿ ಒಂದು ಕಟ್ಟು ವೀಳ್ಯದೆಲೆ ಸುತ್ತಿ, ಅಡಿಕೆಯ ಪೊಟ್ಟಣ ಇಟ್ಟು, ಮೇಲೆ ಬಟ್ಟೆ ಕಟ್ಟಿ ಕೊಟ್ಟೆ.

“ಏನಂತ ಹೇಳ್ಲಿ ಅಜ್ಜಿ?” ಅಂದಳು ಆ ಹುಡುಗಿ.

ತಪ್ಪಾಯಿತು ಎನ್ನುವ ಮಾತು ಆಗಲೂ ಹೊರಗೆ ಬರಲಿಲ್ಲ, ಹಟಮಾರಿ.

“ಏನೂ ಹೇಳಬ್ಯಾಡ. ಕೈಯಾಗ ಕೊಡು, ಸಾಕು. ಹೆಸರು ಅದರ ಮ್ಯಾಲ ಐತಿ.”

ಮತ್ತೆ ದೀಪಾವಳಿ ಕಳೆದಿದೆ. ಗೋಡೆಗೆ ಹಗ್ಗ ಬಿದ್ದಿದೆ. ಕೊಟ್ಟೆ, ತಗೊಂಡಳು, ಏನೂ ಅನ್ನಲಿಲ್ಲ ಎಂದು ಆ ಹುಡುಗಿ ಹೇಳುತ್ತಾಳೆ. ಬೋಗುಣಿ ಮಾತ್ರ ಇನ್ನೂ ಬಂದಿಲ್ಲ. ಬರದಿದ್ದರೆ ಬೇಡ. ಒಮ್ಮೆ ಖಾಲಿ ಬಂದದ್ದನ್ನು ನೋಡಿದ್ದೇನೆ. ಅದಕ್ಕಿಂತ ಅವಳ ಅಡಿಗೆಮನೆಯಲ್ಲಿ ಯಾವುದಾದರೂ ಸಾರು ಹೊತ್ತು ಕೂತಿರುವುದೇ ಲೇಸು.