ಎಡಗೈ ಮರೆತ ಡ್ರಮ್ಮರ್ ಮತ್ತು ಮೂರು ಪುಸ್ತಕಗಳು

ಕೋವಿಡ್‌ನ ಎರಡನೇ ಅಲೆ ಇಳಿದ ಮರುವರ್ಷ ನಾನು ಹನೂರಿನಲ್ಲಿ ಗ್ರಂಥಪಾಲಕಿಯಾಗಿದ್ದೆ. ನಿವೃತ್ತಿ ಹತ್ತಿರವಿತ್ತು. ಆ ಅಲೆಯಲ್ಲೇ ನನ್ನ ಪತಿ ತೀರಿಕೊಂಡಿದ್ದರು. ರಜೆ ಮುಗಿಸಿ ಬಂದ ಮೇಲೆ ಬಾಗಿಲು ತೆರೆಯುತ್ತಿದ್ದೆ, ಪತ್ರಿಕೆ ಜೋಡಿಸುತ್ತಿದ್ದೆ, ಬಾಗಿಲು ಹಾಕುತ್ತಿದ್ದೆ. ಅಳು ಬರುತ್ತಿರಲಿಲ್ಲ. ಊಟದ ರುಚಿಯೂ ತಿಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸಿದ್ದರಾಜು ಬಂದರು. ಕಾಮಗೆರೆಯವರು, ಐವತ್ತು ದಾಟಿದವರು. ಹರೆಯದಿಂದಲೂ ಕೊಳ್ಳೇಗಾಲದ ಮದುವೆ ಬ್ಯಾಂಡೊಂದರಲ್ಲಿ ಡ್ರಮ್ಸ್ ನುಡಿಸುತ್ತಿದ್ದವರು.

"ಡ್ರಮ್ಮು ಕಲಿಯೋ ಬುಕ್ಕು ಅದಾ ಮೇಡಂ?"

"ಯಾರಿಗೆ?"

"ನಂಗೇಯ."

ಅವರಿಗೆ ಸ್ಟ್ರೋಕ್ ಆಗಿತ್ತು. ಕಾಲು ಸರಿಹೋಗಿತ್ತು, ಎಡಗೈ ಅಲ್ಲಾಡುತ್ತಿತ್ತು, ಆದರೆ ಅಂಗೈಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ನುಡಿಸುವಾಗ ಕೋಲು ಜಾರಿ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಬ್ಯಾಂಡಿನವರು ಬೇರೆಯವರನ್ನು ಹಾಕಿಕೊಂಡಿದ್ದರು. ಯಳಂದೂರಿನ ಒಂದು ಖಾಸಗಿ ಶಾಲೆ ಮಕ್ಕಳ ಬ್ಯಾಂಡಿಗೆ ಶಿಕ್ಷಕರನ್ನು ಹುಡುಕುತ್ತಿತ್ತು.

"ನಂಗೆ ಬಾರ್ಸಕ್ ಬತ್ತಿತ್ತು, ಮ್ಯೂಜಿಕ್ ನೋಟು ಓದಕ್ ಬರಲ್ಲ. ಅವ್ರು ಬರ್ದಿರೋದ ನೋಡ್ಕಂಡು ಏಳ್ಕೊಡ್ಬೇಕು ಅಂತಾರೆ."

ನಮ್ಮಲ್ಲಿದ್ದದ್ದು ದಪ್ಪನೆಯ ಒಂದು ಇಂಗ್ಲಿಷ್ ಸಂಗೀತ ಥಿಯರಿ ಪುಸ್ತಕ ಮಾತ್ರ. ಕೊಟ್ಟೆ. ಅವರು ಕೂತು ನಾಲ್ಕಾರು ಪುಟ ತಿರುವಿ, "ಇದು ನನ್ ಕೈಲಾಗಲ್ಲ ಬುಡಿ" ಎಂದು ಎದ್ದು ಹೋದರು.

ನನಗೆ ಆಗ ಯಾವುದರಲ್ಲೂ ಆಸಕ್ತಿ ಇರಲಿಲ್ಲ. ಆದರೂ ಕೈ ರೂಢಿಯಂತೆ ಕೆಲಸ ಮಾಡಿತು. ಜಿಲ್ಲಾ ಗ್ರಂಥಾಲಯಕ್ಕೆ ಫೋನ್ ಮಾಡಿ ಮೂರು ಪುಸ್ತಕ ತರಿಸಿ, ಅವರನ್ನು ಕರೆಸಿದೆ.

ಮೊದಲು ಕೊಟ್ಟದ್ದು ಕನ್ನಡದ ತೆಳುವಾದ ತಾಳದ ಪಾಠಪುಸ್ತಕ. ಆದಿತಾಳ, ರೂಪಕತಾಳಗಳನ್ನು ಬೆರಳಲ್ಲಿ ಎಣಿಸುವ ಕ್ರಮದೊಂದಿಗೆ ವಿವರಿಸಿದ್ದರು. ಓದುತ್ತಾ ಸಿದ್ದರಾಜು ತಲೆ ಎತ್ತಿದರು. "ಓ, ಇದಾ! ಇದ್ಕೆ ಇಂಗೊಂದು ಎಸ್ರು ಅದೆ ಅಂತ ಗೊತ್ತಿರ್ನಿಲ್ಲ."

ಎರಡನೆಯದು ರೂಡಿಮೆಂಟ್‌ಗಳದು, ಅಂದರೆ ಡ್ರಮ್ಮಿನ ಮೂಲ ಏಟುಗಳ ವಿನ್ಯಾಸಗಳದು. ಇಂಗ್ಲಿಷಿನದಾದರೂ ಪ್ರತಿ ಚಿಹ್ನೆಯ ಕೆಳಗೆ ಬಲಗೈಗೆ ಆರ್, ಎಡಗೈಗೆ ಎಲ್ ಎಂದಷ್ಟೇ ಇತ್ತು. ಮೂರನೆಯದು ಥಿಯರಿಯ ಮೊದಲ ದರ್ಜೆಯ ಅಭ್ಯಾಸ ಪುಸ್ತಕ. ನಾಲ್ಕು ಎಣಿಕೆ ನಿಲ್ಲುವ ಹೋಲ್ ನೋಟ್, ಒಂದೇ ಎಣಿಕೆಯ ಕ್ವಾರ್ಟರ್ ನೋಟ್ ಹೀಗೆ. ಎರಡು ತಿಂಗಳು ಅವರು ದಿನವೂ ಬಂದರು. ಇಂಗ್ಲಿಷ್ ಸಾಲುಗಳನ್ನು ನಾನು ಓದಿ ಹೇಳುತ್ತಿದ್ದೆ. ಅವರು ಮೇಜಿನ ಮೇಲೆ ಬೆರಳಾಡಿಸುತ್ತಿದ್ದರು. ಎಡಗೈ ಎಲ್ಲಿದೆ ಎಂದು ಪ್ರತಿ ಸಲವೂ ಕಣ್ಣಿಂದ ನೋಡಿಯೇ ಇಡಬೇಕಿತ್ತು.

ಒಂದು ದಿನ ಪುಸ್ತಕ ಮುಚ್ಚಿ ಕೇಳಿದರು. "ಯಜಮಾನ್ರು ಓಗ್ಬುಟ್ರಂತೆ?"

"ಹೌದು."

"ಸುಟ್ರೂ ಗೊತ್ತಾಗಲ್ಲ ಈ ಕೈಗೆ. ನೋವು ಬಂದ್ರೆ ಒಳ್ಳೇದು ಅಂತಾರೆ ಡಾಕ್ಟ್ರು. ಕಾಯ್ತಾ ಇವ್ನಿ."

ನಾನು ಮುಂದಿನ ಪಾಠ ತೆರೆದೆ.

ಯಳಂದೂರಿನ ಶಾಲೆಯ ಸಂದರ್ಶನದ ದಿನ, "ನೀವೊಬ್ರು ಇದ್ರೆ ಧೈರ್ಯ" ಎಂದು ನನ್ನನ್ನೂ ಕರೆದುಕೊಂಡು ಹೋದರು. ಮುಖ್ಯೋಪಾಧ್ಯಾಯಿನಿ ಮುದ್ರಿತ ಹಾಳೆಯೊಂದನ್ನು ಮುಂದಿಟ್ಟು, "ಇದನ್ನು ನುಡಿಸಿ ತೋರಿಸಿ" ಎಂದರು.

"ಬಾರ್ಸಕ್ಕಾಗಲ್ಲ ಮೇಡಂ. ಬಾರ್ಸೋ ಮಗೂನ ಕರೀರಿ, ಏಳ್ಕೊಡ್ತೀನಿ."

ಆಕೆ ನನ್ನ ಮುಖ ನೋಡಿದರು. ಆಮೇಲೆ ಒಬ್ಬಳನ್ನು ಕರೆಸಿದರು. ಎಂಟನೇ ತರಗತಿಯ ಹುಡುಗಿಯೊಬ್ಬಳು ಡ್ರಮ್ ತೂಗುಹಾಕಿಕೊಂಡು ಬಂದಳು. ಸಿದ್ದರಾಜು ಹಾಳೆಯನ್ನು ಒಮ್ಮೆ ಮೇಲಿಂದ ಕೆಳಕ್ಕೆ ನೋಡಿ, ಬಲ ಪಾದದಿಂದ ಎಣಿಕೆ ಹಿಡಿದರು.

"ಬಲ ಎಡ ಬಲ ಬಲ. ಎಡ ಬಲ ಎಡ ಎಡ."

ಎರಡನೇ ಸಾಲಿನಲ್ಲಿ ಹುಡುಗಿ ಎಡವಿದಳು. "ಕೈ ನೋಡ್ಬೇಡ ಕಣವ್ವ, ಎಣ್ಕೆ ಕೇಳು" ಎಂದರು. ಮತ್ತೆ ಮೊದಲಿಂದ ಹೇಳಿದರು. ಮೂರನೆಯ ಸಲಕ್ಕೆ ಹಾಳೆಯಲ್ಲಿದ್ದುದೆಲ್ಲ ತಪ್ಪಿಲ್ಲದೆ ಕೇಳಿಬಂತು. ಅಂಗಳದಲ್ಲಿ ಆಡುತ್ತಿದ್ದ ಮಕ್ಕಳು ಕಿಟಕಿಗೆ ಬಂದು ನಿಂತಿದ್ದರು.

"ಸೋಮವಾರದಿಂದ ಬನ್ನಿ" ಎಂದರು ಮುಖ್ಯೋಪಾಧ್ಯಾಯಿನಿ.

ಕೊಳ್ಳೇಗಾಲದಲ್ಲಿ ಬಸ್ ಬದಲಿಸಿದೆವು. ಕಾಮಗೆರೆ ಹತ್ತಿರವಾದಾಗ ಸಿದ್ದರಾಜು ಎಡಗೈಯನ್ನು ಜೋರಾಗಿ ಚಿವುಟಿಕೊಂಡು ನೋಡಿದರು.

"ಇನ್ನೂ ಇಲ್ಲ" ಎಂದರು. ಇಳಿದು ಹೋದರು.

ಓದುಗ ಕೇಳಿದ್ದನ್ನು ಕಪಾಟಿನಿಂದ ತೆಗೆದುಕೊಡುವುದಷ್ಟೇ ನನ್ನ ಕೆಲಸ ಎಂದುಕೊಂಡೇ ಸೇವೆಯ ಬಹುಕಾಲ ಕಳೆದಿದ್ದೆ. ಯಾವ ಪುಸ್ತಕ ಮೊದಲು, ಯಾವುದು ಆಮೇಲೆ ಎಂದು ಹೇಳುವುದು ಅದಕ್ಕಿಂತ ದೊಡ್ಡ ಕೆಲಸ. ಗೊತ್ತಿರುವುದರಿಂದ ಶುರುವಾದರೆ ಓದುಗ ಮತ್ತೆ ಬರುತ್ತಾನೆ. ಆ ತಿಂಗಳುಗಳಲ್ಲಿ ಗ್ರಂಥಾಲಯದ ಬಾಗಿಲನ್ನು ನಾನು ದಿನವೂ ತೆರೆದದ್ದು, ಒಬ್ಬರು ಮುಂದಿನ ಪಾಠಕ್ಕೆ ಬರುತ್ತಾರೆ ಎಂಬ ಕಾರಣಕ್ಕೆ.