ಇಪ್ಪತ್ತು ನಿಮಿಷ ಮುಂದಿದ್ದ ಲ್ಯಾಪ್‌ಟಾಪ್

‘ಕೋಡ್ ತಪ್ಪಾಗಿದೆ.’ ಮೊದಲ ಸಲ ಕಣ್ಣುಜ್ಜಿಕೊಂಡೆ. ಎರಡನೇ ಸಲ ಕನ್ನಡಕ ಒರೆಸಿಕೊಂಡೆ. ಮೂರನೇ ಸಲ ಲ್ಯಾಪ್‌ಟಾಪಿಗೇ ಬೈದೆ.

ಕಳೆದ ಮಂಗಳವಾರದ ಮಾತು. ಹನ್ನೊಂದಕ್ಕೆ ನನಗೆ ಆನ್‌ಲೈನ್ ಇಂಟರ್‌ವ್ಯೂ. ಮಗಳು ಹುಟ್ಟಿದಾಗ ಕೆಲಸ ಬಿಟ್ಟವಳನ್ನು ಒಂಬತ್ತು ವರ್ಷಗಳ ಮೇಲೆ ಯಾರೋ ಕರೆದಿದ್ದರು. (ಎಷ್ಟು ಅರ್ಜಿ ಹಾಕಿದ್ದೆ ಎಂದು ದಯವಿಟ್ಟು ಕೇಳಬೇಡಿ.) ಅವರ ಪೋರ್ಟಲ್‌ ಒಳಗೆ ಹೋಗಲು ಲ್ಯಾಪ್‌ಟಾಪಿನಲ್ಲಿರುವ ಒಂದು ಆ್ಯಪ್ ಅರ್ಧ ನಿಮಿಷಕ್ಕೊಂದು ಹೊಸ ಕೋಡ್ ಕೊಡುತ್ತದೆ. ಎರಡು ದಿನ ಮುಂಚೆ ಟ್ರಯಲ್‌ನಲ್ಲಿ ಸರಿಯಾಗಿತ್ತು. ಈಗ ಇನ್ನೆರಡು ಸಲ ತಪ್ಪಿದರೆ ಅಕೌಂಟ್ ಲಾಕ್ ಅಂತೆ! ನನಗೆ ಅಳುವೇ ಬಂತು.

“ಮಹಾದೇವೀ!” ಎಂದು ಕಿರುಚಿದೆ. ಜೋಗುಪಾಳ್ಯದ ನಮ್ಮ ಮನೆಯ ಮಹಡಿ ರೂಮಿನಲ್ಲಿ ಬಾಡಿಗೆಗಿರುವ ಕಲಬುರಗಿಯ ಹುಡುಗಿ. ಆಫೀಸಿನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುತ್ತಾಳೆ. ನನ್ನ ಮುದಿ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಹಗುರ ಸಾಫ್ಟ್‌ವೇರ್ ಹಾಕಿ ಬದುಕಿಸಿದವಳೂ ಅವಳೇ.

ಬಂದವಳು ಪರದೆಯ ಮೂಲೆ ನೋಡಿದಳು. “ಅಕ್ಕಾ, ಇದರಾಗ ಹನ್ನೊಂದೂ ಹತ್ತು ಆಗ್ಯದಲ್ರೀ! ನನ್ನ ಫೋನ್‌ನಾಗ ಇನ್ನಾ ಹತ್ತೂ ಐವತ್ತು.”

“ನಾನೇ ಇಪ್ಪತ್ತು ನಿಮಿಷ ಮುಂದಿಟ್ಟಿದೀನಿ ಕಣೇ. ಲೇಟಾಗ್ಬಾರ್ದು ಅಂತ!”

ನಮ್ಮ ಮನೆಯ ಪದ್ಧತಿಯೇ ಹಾಗೆ. ಆಫೀಸಿನ ದಾರಿಯ ಟಿನ್ ಫ್ಯಾಕ್ಟರಿ ಟ್ರಾಫಿಕ್ ಜಾಮ್‌ಗೆ ಹೆದರಿ ಯಜಮಾನರು ಗೋಡೆ ಗಡಿಯಾರವನ್ನು ಮುಂದಿಟ್ಟರು. ಆಮೇಲೆ ಅಡುಗೆಮನೆಯದ್ದು, ಮಗಳ ಅಲಾರಂ. ಇಂಟರ್‌ವ್ಯೂವಿನ ಹಿಂದಿನ ಸಂಜೆ ನಾನು ಲ್ಯಾಪ್‌ಟಾಪನ್ನೂ ಸೇರಿಸಿದೆ. ಯಾರಾದರೂ ಬೇಗ ಹೊರಟಿದ್ದುಂಟೇ? ಎಲ್ಲರೂ ಮನಸ್ಸಿನಲ್ಲೇ ಇಪ್ಪತ್ತು ಕಳೆದು ಇನ್ನೊಂದು ಲೋಟ ಕಾಫಿ ಕುಡಿಯುತ್ತೇವೆ. ನಿಮ್ಮ ಮನೆಯಲ್ಲೂ ಹೀಗೇ ತಾನೇ?

“ಆ ಕೋಡ್ ಟೈಮ್ ನೋಡ್ಕೊಂಡೇ ಹುಟ್ತದ್ರೀ ಅಕ್ಕಾ. ಇದು ಹನ್ನೊಂದೂ ಹತ್ತರ ಕೋಡ್ ಕೊಡ್ತದ, ಅವರ ಸರ್ವರ್ ಹತ್ತೂ ಐವತ್ತರದ್ದು ಕೇಳ್ತದ. ಹೆಂಗ್ ಕೂಡಬೇಕು?”

ಕಪ್ಪು ಪರದೆ ತೆರೆದು ಒಂದೇ ಒಂದು ಸಾಲು ಟೈಪಿಸಿದಳು. ‘ಸರಿಯಾದ ಸಮಯವನ್ನು ಇಂಟರ್‌ನೆಟ್ಟಿನಿಂದಲೇ ಕೇಳಿ ತಿಳಿದುಕೋ’ ಎಂಬ ಆಜ್ಞೆಯಂತೆ ಅದು. ಗಡಿಯಾರ ತೆಪ್ಪಗೆ ಹಿಂದೆ ಬಂತು. ಹೊಸ ಕೋಡ್ ಹಾಕಿದೆ. ಪೋರ್ಟಲ್ ಬಾಗಿಲು ತೆರೆಯಿತು. ಮಹಾದೇವಿಯನ್ನು ತಬ್ಬಿಕೊಂಡೇಬಿಟ್ಟೆ.

ಇಂಟರ್‌ವ್ಯೂ ಚೆನ್ನಾಗಿಯೇ ನಡೆಯಿತು. ಕೊನೆಗೆ ಆ ಕಡೆಯವರು, “ನಿಮ್ಮ ಸ್ಟ್ರೆಂತ್ ಏನು ಮೇಡಂ?” ಎಂದರು.

“ಟೈಮ್ ಮ್ಯಾನೇಜ್‌ಮೆಂಟ್ ಸರ್,” ಎಂದೆ. ಬಾಗಿಲ ಬಳಿ ನಿಂತಿದ್ದ ಮಹಾದೇವಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ಮಹಡಿಗೆ ಓಡಿದಳು.

ನಾನು ಹೇಳಿದ್ದನ್ನು ನಮ್ಮ ಮನೆಯಲ್ಲಿ ಪೂರ್ತಿ ನಂಬಿ, ಅದರಂತೆ ಚಾಚೂತಪ್ಪದೆ ನಡೆದದ್ದು ಆ ಲ್ಯಾಪ್‌ಟಾಪ್ ಒಂದೇ. ನಿಜ ಹೇಳಿ, ಕೆಲಸ ಸಿಗಬೇಕಾದ್ದು ಅದಕ್ಕೋ, ನನಗೋ?